ಹೆಂಡತಿಯನ್ನು ಹೊರಗೆ ಹಾಕಲು ಒಂದು ಕಾರಣ

ಬಸವನ ಬಾಗೇವಾಡಿಯ ನಮ್ಮ ಮನೆಗೆ ಬಂದವರು ಚಹಾ ಕುಡಿದು ಹೊಸ್ತಿಲು ದಾಟಿದ ಕೂಡಲೇ ನಾನು ಅವರಾಗಿಬಿಡುತ್ತಿದ್ದೆ. ಬಸಿಗೆ ಚಹಾ ಸುರಿದುಕೊಂಡು ಊದುವಾಗ ಅವರ ಮೀಸೆ ಯಾವ ಕಡೆಗೆ ಸರಿಯುತ್ತದೆ, ‘ಬರ್ತೇನ್ರಿ’ ಎಂದು ಹತ್ತು ಸಲ ಹೇಳಿಯೂ ಹೇಗೆ ಏಳುವುದಿಲ್ಲ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಅವ್ವ ನಗುತ್ತಾ ಬೈಯುತ್ತಿದ್ದಳು. ಅಪ್ಪ ನಗದೆ ಬೈಯುತ್ತಿದ್ದರು. ತಾವು ಹೊರಗೆ ಹೋದ ಮೇಲೆ ನಾನು ಯಾರಾಗುತ್ತೇನೆಂದು ಅವರಿಗೆ ಯಾರೋ ಹೇಳಿದ್ದರು. ಬಿ.ಎ. ಮುಗಿಸಿ ಒಂದು ವರ್ಷ ಇದೇ ಉದ್ಯೋಗ ಮಾಡಿದ ಮೇಲೆ ಊರಲ್ಲಿ ನನ್ನ ಅಣಕಕ್ಕೆ ಸಿಗದವರು ಯಾರೂ ಉಳಿಯಲಿಲ್ಲ. ಆಗ ನನ್ನನ್ನು ಸಿಂದಗಿಯಲ್ಲಿದ್ದ ಸೋದರಮಾವನ ಮನೆಗೆ ಸಾಗಿಸಿದರು. ಅಲ್ಲಿ ನೌಕರಿ ಸಿಗುತ್ತದೆ ಎಂದು ನನಗೆ ಹೇಳಿದರು. ನನ್ನ ಬಗ್ಗೆ ಮಾವನಿಗೆ ಏನು ಹೇಳಿದರೋ ಗೊತ್ತಿಲ್ಲ, ನಾನು ಹೋದ ದಿನದಿಂದ ಅವರು ನನ್ನೆದುರು ಕೆಮ್ಮುವುದನ್ನೇ ಬಿಟ್ಟರು.

ಎಪ್ಪತ್ತರ ದಶಕ ಅರ್ಧ ದಾಟಿತ್ತು. ನನ್ನ ಬೆಲ್‌ಬಾಟಮ್ ಪ್ಯಾಂಟು ಸಿಂದಗಿಯ ಬೀದಿಗಳನ್ನು ಪುಕ್ಕಟೆಯಾಗಿ ಗುಡಿಸುತ್ತಿತ್ತು. ನೌಕರಿ ಸಿಗಲಿಲ್ಲ, ನಾಟಕ ಸಿಕ್ಕಿತು. ನಮ್ಮ ಓಣಿಯ ಹುಡುಗರು ದಸರೆಗೆ ಒಂದು ಸಾಮಾಜಿಕ ನಾಟಕ ಆಡಬೇಕೆಂದು ನಿಶ್ಚಯಿಸಿದ್ದರು. ಕಲಿಸಲು ಮುದ್ದೇಬಿಹಾಳದಿಂದ ಹಾರ್ಮೋನಿಯಂ ಸಮೇತ ಒಬ್ಬ ನಾಟಕದ ಮಾಸ್ತರರು ಬಂದಿದ್ದರು. ಬರೆಯುವವನು ಬೇಕಿತ್ತು. ಬಿ.ಎ. ಆಗಿದೆ, ಎಲ್ಲರ ಹಾಗೆ ಮಾತಾಡುತ್ತಾನೆ, ಕೆಲಸವಂತೂ ಇಲ್ಲ ಎಂಬ ಮೂರು ಅರ್ಹತೆ ನೋಡಿ ನನ್ನನ್ನು ಆರಿಸಿದರು.

ನಾನು ಹುರುಪಿನಿಂದ ಬರೆದೆ. ಮೊದಲ ಅಂಕದಲ್ಲಿ ಗಂಡ ಹೆಂಡತಿ ಸುಖವಾಗಿದ್ದಾರೆ. ಎರಡನೆಯ ಅಂಕದಲ್ಲಿ ಗಂಡ ಹೆಂಡತಿಯನ್ನು ಹೊರಗೆ ಹಾಕುತ್ತಾನೆ. ಮೂರನೆಯದರಲ್ಲಿ ಅವಳು ಕಷ್ಟಪಡುತ್ತಾಳೆ, ಅವನು ಪಶ್ಚಾತ್ತಾಪಪಡುತ್ತಾನೆ, ಎಲ್ಲರೂ ಸೇರಿ ಮಂಗಳ ಹಾಡುತ್ತಾರೆ. ಯಾಕೆ ಹೊರಗೆ ಹಾಕುತ್ತಾನೆ ಎಂದು ಬರೆದಿರಲಿಲ್ಲ. ಅಂಥದೊಂದು ಪ್ರಶ್ನೆ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಹಾಕದಿದ್ದರೆ ಮೂರನೆಯ ಅಂಕಕ್ಕೆ ಜನ ಹೇಗೆ ಕೂರುತ್ತಾರೆ, ಇಷ್ಟೇ ನನ್ನ ಚಿಂತೆ. ಮಾಸ್ತರರು ಇನ್ನೂ ಒಂದು ಹೆಜ್ಜೆ ಮುಂದಿದ್ದರು. ಅವರ ಹತ್ತಿರ ಹೆಂಡತಿ ಅಳುತ್ತಾ ಹಾಡುವ ಒಂದು ಹಾಡು ಸಿದ್ಧವಿತ್ತು. ಅದಕ್ಕೆ ಬಾಗಿಲ ಹೊರಗೆ ನಿಂತ ಹೆಂಡತಿ ಬೇಕಾಗಿದ್ದಳು, ಅಷ್ಟೆ.

ಮಾತುಗಳೆಲ್ಲ ಚೆನ್ನಾಗಿದ್ದವು ಎಂದು ನಾನೇ ಹೇಳಬೇಕು. ಗೌಡರ ಪಾತ್ರ ಬಾಯಿ ತೆರೆದರೆ ನಮ್ಮ ಓಣಿಯ ಒಬ್ಬ ಹಿರಿಯರು ಕಾಣುತ್ತಿದ್ದರು, ಕಾರಕೂನ ಬಾಯಿ ತೆರೆದರೆ ನಮ್ಮ ಮಾವ. ಆದರೆ ಅವರು ಏನು ಬೇಕೆಂದು ಬಾಯಿ ತೆರೆಯುತ್ತಾರೆ ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅಣಕಿಸುವವನಿಗೆ ಅದೆಲ್ಲ ಬೇಕಾಗುವುದಿಲ್ಲ. ಕೆಮ್ಮು ಸರಿಯಾಗಿ ಬಂದರೆ ಜನ ನಗುತ್ತಾರೆ. ಯಾಕೆ ಕೆಮ್ಮಿದ ಎಂದು ಯಾರೂ ಕೇಳುವುದಿಲ್ಲ.

ಕೇಳಿದವನು ಟೇಲರ್ ಅಣ್ಣ.

ಬಸ್ ಸ್ಟ್ಯಾಂಡಿನ ಬದಿಗೆ ಅವನ ಅಂಗಡಿ, ಅದರ ಹಿಂದೆಯೇ ಮನೆ. ಮೂವತ್ತರ ಆಸುಪಾಸಿನವನು, ತುಟಿಯ ನಡುವೆ ಯಾವಾಗಲೂ ಎರಡು ಟಾಚಣಿ, ಅಂದರೆ ಗುಂಡುಸೂಜಿ, ಇಟ್ಟುಕೊಂಡಿರುವುದರಿಂದ ಮಾತು ಕಡಿಮೆ. ಹುಟ್ಟಿದಾಗಿನಿಂದ ಬಣ್ಣ ಹಚ್ಚದ ಈ ಮನುಷ್ಯ ಗಂಡನ ಪಾತ್ರ ತನಗೇ ಬೇಕೆಂದು ಹಟ ಹಿಡಿದಾಗ ಎಲ್ಲರಿಗೂ ಸೋಜಿಗ. ಅವನು ಮುಚ್ಚಿಡಲೂ ಇಲ್ಲ. ಹೆಂಡತಿ ಪಂಚಮಿಗೆಂದು ತವರುಮನೆ ಇಂಡಿಗೆ ಹೋದವಳು ಹಬ್ಬ ಮುಗಿದು ಎರಡು ತಿಂಗಳಾಗುತ್ತಾ ಬಂದರೂ ತಿರುಗಿ ಬಂದಿರಲಿಲ್ಲ. ಕರಕೊಂಡು ಹೋದವರೇ ತಂದು ಬಿಡಬೇಕು ಎಂದು ಇವನು ಇಲ್ಲಿ ಕೂತಿದ್ದ. ಕಳಿಸಿದವರೇ ಕರೆಯಲು ಬರಬೇಕು ಎಂದು ಅವರು ಅಲ್ಲಿ ಕೂತಿದ್ದರು. ನಡುವೆ ದಿನಕ್ಕೆ ಎಷ್ಟೋ ಬಸ್ಸು ಓಡಾಡುತ್ತಿದ್ದವು, ಖಾಲಿ.

ಆದರೆ ನಾಟಕದ ರೀತಿಯೇ ಬೇರೆ. ನಮ್ಮ ಕಡೆ ಪಾತ್ರ ಮಾಡುವವನು ಎಲೆ ಅಡಿಕೆ ಹಿಡಿದು ತಾನೇ ಬೀಗರ ಮನೆಗೆ ಹೋಗಿ ಕರೆಯಬೇಕು. ಅವರು ಬಂದು, ಆಟದ ನಡುವೆ ರಂಗದ ಮೇಲೆ ಹತ್ತಿ, ಅಳಿಯನಿಗೆ ಬಟ್ಟೆ ಉಡುಗೊರೆ ಕೊಟ್ಟು ಆಯೇರಿ ಮಾಡಬೇಕು. ರಾಜನಿರಲಿ ಭಿಕ್ಷುಕನಿರಲಿ ಆಗ ಪಾತ್ರ ನಿಂತು ಕೈಮುಗಿಯುತ್ತದೆ, ಹಾರ್ಮೋನಿಯಂ ಒಂದು ಸುತ್ತು ಬಾರಿಸುತ್ತದೆ. ಹೆಂಡತಿಯನ್ನು ಕರೆಯಲು ಹೋದರೆ ಸೋತಂತೆ. ನಾಟಕಕ್ಕೆ ಕರೆಯಲು ಹೋದರೆ ಯಾರೂ ಸೋಲುವುದಿಲ್ಲ. ಬೀಗರು ಬಂದರೆ ಅವಳೂ ಬರುತ್ತಾಳೆ, ಬಂದವಳು ಉಳಿಯುತ್ತಾಳೆ. ಇದು ಅವನ ಲೆಕ್ಕ.

ತಾಲೀಮು ಶುರುವಾಯಿತು. ಹೆಂಡತಿಯ ಪಾತ್ರಕ್ಕೆ ಹೊರಗಿನಿಂದ ಕರೆಸುವ ಕಲಾವಿದೆ ಕೊನೆಯ ಎರಡು ದಿನಕ್ಕಷ್ಟೇ ಬರುವವಳು. ಅಲ್ಲಿಯವರೆಗೆ ಆ ಮಾತುಗಳನ್ನು ಹೆಣ್ಣುದನಿಯಲ್ಲಿ ಹೇಳುವ ಭಾಗ್ಯ ನನ್ನದು. ಎರಡನೆಯ ಅಂಕ ಬಂತು. ನಾನು ಸೆರಗಿನ ಬದಲು ಟವೆಲ್ ಹೊದ್ದು ನಿಂತೆ. ಟೇಲರ್ ಅಣ್ಣ ‘ಹೋಗು ಹೊರಗೆ’ ಎನ್ನಬೇಕು. ಅವನು ನನ್ನನ್ನು ನೋಡಿದ, ಬಾಗಿಲನ್ನು ನೋಡಿದ, ಬಾಯಿಂದ ಟಾಚಣಿ ತೆಗೆದ.

“ಯಾಕ?” ಅಂದ.

“ಯಾಕಂದ್ರ?”

“ಯಾಕ ಹೊರಗ ಹಾಕ್ಲಿ? ನಮ್ಮ ಮಾವ ಮುಂದ ಕುಂತಿರ್ತಾನ. ಕಾರಣ ಇಲ್ದ ಹೆಂಡ್ತೀನ ಹೊರಗ ಹಾಕೂದು ನೋಡಿದರ, ಇಂವಗ ಇದು ರೂಢಿನ ಐತಿ ಅಂತಾನ.”

ಮಾಸ್ತರರು ಹಾರ್ಮೋನಿಯಮ್ಮಿನ ತಿದಿ ಒತ್ತುತ್ತಲೇ ಪರಿಹಾರ ಹೇಳಿದರು: ದೊಡ್ಡ ಮೀಸೆ ಅಂಟಿಸಿದರೆ ಆಯಿತು, ಮೀಸೆ ಇದ್ದವನನ್ನು ಜನ ಕಾರಣ ಕೇಳುವುದಿಲ್ಲ. ಟೇಲರ್ ಅಣ್ಣ ಒಪ್ಪಲಿಲ್ಲ. ಕಾರಣ ಬರೆದುಕೊಡು, ಆಮೇಲೆ ಹೊರಗೆ ಹಾಕುತ್ತೇನೆ ಎಂದು ಅಂಗಡಿಗೆ ಹೊರಟುಹೋದ.

ಮರುದಿನ ಮಧ್ಯಾಹ್ನ ಅವನ ಅಂಗಡಿಗೆ ಹೋಗಿ ಮಾರಾಟಕ್ಕೆ ಕೂತವನ ಹಾಗೆ ಒಂದೊಂದೇ ಕಾರಣ ಬಿಚ್ಚಿ ಹರಡಿದೆ. ಗಂಡ ಕುಡಿಯುತ್ತಾನೆ ಅಂದೆ. ಬೇಡ, ಸಂತೆಗೆ ಬಂದವರನ್ನೆಲ್ಲ ಹಿಡಿದು ನನ್ನ ಅಳಿಯ ಕುಡಿಯುತ್ತಾನೇನು ಎಂದು ಮಾವ ಮೊದಲೇ ಕೇಳುತ್ತಿರುತ್ತಾನೆ, ರಂಗದ ಮೇಲೆ ತೂರಾಡಿದರೆ ಉತ್ತರ ಕೊಟ್ಟಂತಾಗುತ್ತದೆ. ಸರಿ, ಅವನಿಗೆ ಇನ್ನೊಬ್ಬ ಹೆಂಗಸಿನ ಮೇಲೆ ಮನಸ್ಸು. ಅವನು ಗಾಬರಿಯಿಂದ ಗೋಡೆಗೆ ತೂಗುಹಾಕಿದ ಜಂಪರುಗಳ ಕಡೆ ನೋಡಿದ. ಹೆಂಗಸರ ಬಟ್ಟೆ ಹೊಲಿಯುವವನು ಇಂಥ ಪಾತ್ರ ಮಾಡಿದರೆ ನಾಳೆಯಿಂದ ಅಳತೆ ಕೊಡಲು ಯಾರು ಬರುತ್ತಾರೆ? ಹಾಗಾದರೆ ಅತ್ತೆಯ ಚಾಡಿ ಮಾತು. “ನಮ್ಮವ್ವ ಹೋಗಿ ಮೂರ ವರ್ಷಾತು. ಸತ್ತಾಕಿನ್ನ ಯಾಕ ಎಬ್ಬಸ್ತಿ?” ಅಂದ. ಕೊನೆಗೆ ನಾನು ಬೇಸತ್ತು, ಹೆಂಡತಿಗೆ ಅಡಿಗೆ ಬರುವುದಿಲ್ಲ ಎಂದು ಬರೆಯಲೇ ಎಂದೆ. ಅವನು ಯಂತ್ರದ ಗಾಲಿಯ ಮೇಲೆ ಕೈ ಇಟ್ಟು ನಿಲ್ಲಿಸಿದ. ಎರಡು ತಿಂಗಳಿನಿಂದ ಬಸ್ ಸ್ಟ್ಯಾಂಡಿನ ಖಾನಾವಳಿಯಲ್ಲಿ ಉಣ್ಣುತ್ತಿದ್ದ ಮನುಷ್ಯ. ಆ ನೋಟ ನೋಡಿ ಅದನ್ನೂ ಮಡಚಿಟ್ಟೆ.

ನನ್ನ ಚೀಲ ಬರಿದಾಗಿತ್ತು. ಈಗ ನೆನೆದರೆ ನಗು ಬರುತ್ತದೆ: ಮನುಷ್ಯರ ಮೂಗು, ಬಾಯಿ, ನಡಿಗೆ ಎಲ್ಲ ಇಟ್ಟುಕೊಂಡಿದ್ದ ನಾನು ಕಾರಣ ಅಂತ ಇಟ್ಟುಕೊಂಡಿದ್ದು ಈ ನಾಲ್ಕೇ. ಅವೂ ನೋಡಿದ ನಾಟಕಗಳಿಂದ ಎತ್ತಿಕೊಂಡವು. ತೋಚದೆ ಕೇಳಿಬಿಟ್ಟೆ:

“ಅಣ್ಣಾ, ನೀ ಯಾಕ ಕಳಿಸಿದಿ?”

ಅವನು ಮತ್ತೆ ಯಂತ್ರ ತುಳಿಯತೊಡಗಿದ. ಹೊಲಿಯುತ್ತಲೇ ಹೇಳಿದ, ಯಂತ್ರದ ಸದ್ದಿನಲ್ಲಿ ಅರ್ಧ ಕೇಳಿಸದಿರಲಿ ಎಂಬಂತೆ.

ಪಂಚಮಿ ಅಂದರೆ ಟೇಲರನಿಗೆ ಸುಗ್ಗಿ. ಊರಿನ ಮಕ್ಕಳಿಗೆಲ್ಲ ಹೊಸ ಅಂಗಿ. ಇವನು ಕತ್ತರಿಸಿ ಹೊಲಿದರೆ ಗುಂಡಿಯ ತೂತಿಗೆ ಕಾಜಾ ಮಾಡುವುದು, ಗುಂಡಿ ಹಚ್ಚುವುದು, ಕೈ ಹೊಲಿಗೆ ಎಲ್ಲ ಹೆಂಡತಿಯದು. ಅಂಗಿಗಳು ರಾಶಿ ಬಿದ್ದಿದ್ದಾಗಲೇ ಅವಳ ತಮ್ಮ ಕರೆಯಲು ಬಂದುಬಿಟ್ಟ. ಹಬ್ಬಕ್ಕೆ ಇನ್ನೂ ದಿನಗಳಿದ್ದವು. ಎರಡು ದಿನ ಬಿಟ್ಟು ಕರಕೊಂಡು ಹೋಗು, ಗುಂಡಿ ಉಳಿದಿವೆ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಹುಡುಗ ಹಿಂದೊಮ್ಮೆ ಇದೇ ಅಂಗಡಿಯಲ್ಲಿ ಕೂತು, ಟೇಲರ್ ನಮ್ಮಕ್ಕ, ಮಾಮಾ ಯಂತ್ರ ತುಳಿಯುವವನು ಎಂದು ನಾಲ್ಕು ಜನರ ಎದುರು ಚೇಷ್ಟೆ ಮಾಡಿದ್ದ. ಅವನ ಮುಂದೆ ಹೇಗೆ ಹೇಳುವುದು? ಹೆಂಡತಿ ಬಟ್ಟೆಗಂಟು ಹಿಡಿದು ನಿಂತಳು, ಹೋಗಲೇನು ಎಂಬಂತೆ ಇವನ ಮುಖ ನೋಡಿದಳು. ಇವನು ಅಂದದ್ದು: “ಹೋಗೂದಿದ್ರ ಹೋಗು. ನೀ ಇಲ್ಲದಿದ್ರ ಇಲ್ಲೇನೂ ನಿಂದ್ರೂದಿಲ್ಲ.”

ಅವಳು ಇರಲಿ ಎಂಬ ಆಸೆ ಇಟ್ಟುಕೊಂಡು ಹೋಗು ಎಂದು ಹೇಳಿದ್ದಾನೆ! ಇಂಥದ್ದು ನನ್ನ ನಾಟಕದಲ್ಲಿ ಯಾರೂ ಮಾಡಿರಲಿಲ್ಲ. ನನ್ನ ಪಾತ್ರಗಳು ಸಿಟ್ಟು ಬಂದರೆ ಸಿಟ್ಟಾಗುತ್ತಿದ್ದವು, ದುಃಖ ಬಂದರೆ ಹಾರ್ಮೋನಿಯಂ ಹತ್ತಿರ ಹೋಗುತ್ತಿದ್ದವು. ಒಬ್ಬ ಮನುಷ್ಯನಿಗೆ ಬೇಕಾದದ್ದು ಒಂದು, ಅದನ್ನು ಕೇಳಲು ನಾಚಿಕೆ ಇನ್ನೊಂದು; ಎರಡೂ ಜಗ್ಗಾಡಿ ಬಾಯಿಗೆ ಬರುವುದು ಮೂರನೆಯದು. ಇದನ್ನೇ ಬರೆಯಲೇ ಎಂದು ಕೇಳಿದೆ. ಅವನು ಬೇಡ ಅನ್ನಲಿಲ್ಲ. ಗಂಡನನ್ನು ಟೇಲರ್ ಮಾಡಬೇಡ ಎಂದಷ್ಟೇ ಕೇಳಿಕೊಂಡ.

ಆ ಸಂಜೆಯೇ ಬರೆದೆ. ಗಂಡನನ್ನು ಕಿರಾಣಿ ಅಂಗಡಿಯವನನ್ನಾಗಿ ಮಾಡಿದೆ, ಗುಂಡಿಯ ಬದಲು ಹಬ್ಬದ ಪೊಟ್ಟಣ ಕಟ್ಟುವ ಕೆಲಸ ಇಟ್ಟೆ, ಉಳಿದದ್ದನ್ನು ಹಾಗೇ ಬಿಟ್ಟೆ. ಮಾಸ್ತರರು ಓದಿಸಿ ಕೇಳಿ, ಇಷ್ಟು ಸಣ್ಣ ಕಾರಣಕ್ಕೆ ಹೆಂಡತಿಯನ್ನು ಹೊರಗೆ ಹಾಕಿದರೆ ತಮ್ಮ ಅಷ್ಟು ದೊಡ್ಡ ಹಾಡು ಎಲ್ಲಿ ಕೂರಬೇಕು ಎಂದು ಬೇಜಾರು ಮಾಡಿಕೊಂಡರು. ಟೇಲರ್ ಅಣ್ಣ ಮಾತ್ರ ಆ ಮಾತನ್ನು ಒಂದೇ ಸಲಕ್ಕೆ ಹೇಳಿದ, ನನ್ನ ಮುಖ ನೋಡದೆ. ಟವೆಲ್ ಹೊದ್ದ ನಾನು ಅತ್ತು, ಹಾಡಿ, ಹೊರಗೆ ಹೋದೆ.

ಕರೆಯಲು ಇಂಡಿಗೆ ಹೋಗುವ ದಿನ ಅವನು ನನ್ನನ್ನೂ ಎಳೆದುಕೊಂಡ. ಅವನಿಗೆ ಮಾತು ಬರುವುದಿಲ್ಲವಂತೆ, ನಾನು ಅವನ ಪರವಾಗಿ ಮಾತಾಡಬೇಕಂತೆ. ನನ್ನ ಬದುಕಿನಲ್ಲಿ ಮೊದಲ ಸಲ ನನ್ನ ವಿದ್ಯೆಗೆ ಒಬ್ಬರು ಬೇಡಿಕೆ ಸಲ್ಲಿಸಿದ್ದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಕಂಡಕ್ಟರನಾದೆ, ಮುಂದಿನ ಸೀಟಿನ ಮುದುಕನಾದೆ, ತೂಕಡಿಸುತ್ತಾ ಕಿಟಕಿಗೆ ಬಡಿಯುವ ತಲೆಯಾದೆ. ಅವನು ಒಂದಕ್ಕೂ ನಗಲಿಲ್ಲ. ಎಲೆ ಅಡಿಕೆಯ ಪೊಟ್ಟಣವನ್ನು ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ, ಇಂಡಿ ಬರುವಷ್ಟರಲ್ಲಿ ಎಲೆಗಳೂ ಅವನ ಹಾಗೇ ಬಾಡಿದ್ದವು.

ಬೀಗರದು ಲಿಂಬೆ ತೋಟದ ಮನೆ. ಅವನ ಮಾವ ಪಡಸಾಲೆಯಲ್ಲಿ ಕಂಬಳಿ ಹಾಸಿ, ಬರ್ರಿ ಎಂದು ಕೂರಿಸಿ, ಮಳೆ ಬೆಳೆ ಕೇಳಿದರು. ಒಳಗಿನಿಂದ ಲಿಂಬೆ ಶರಬತ್ತು ಬಂತು. ತಂದವನು ಆ ತಮ್ಮ. ಲೋಟ ಕೊಡುತ್ತಾ, ಮಾಮಾ ನಾಟಕದಲ್ಲಿ ಹೆಂಡತಿಯನ್ನು ಹೊರಗೆ ಹಾಕುತ್ತಾನಂತೆ, ತಾಲೀಮು ಬೇಕಾಗಿಲ್ಲ ಬಿಡಿ ಎಂದು ಯಾರಿಗೋ ಹೇಳುವಂತೆ ಗೋಡೆಗೆ ಹೇಳಿದ. ಟೇಲರ್ ಅಣ್ಣ ಲೋಟದೊಳಗೆ ನೋಡಿದ. ಬಾಗಿಲ ಹಿಂದೆ ಬಳೆ ಸದ್ದಾಯಿತು, ನಿಂತಿತು. ಅವಳು ಅಲ್ಲೇ ಇದ್ದಳು.

ಮಾವ ಎಲೆ ಅಡಿಕೆ ಮುಟ್ಟಲಿಲ್ಲ. ಸಾವಕಾಶವಾಗಿ ಕೇಳಿದರು:

“ಅಳಿಯಾರ, ನೀವು ಬಂದದ್ದು ನಾಟಕ ನೋಡಾಕ ಕರಿಯಾಕೋ, ಮಗಳನ್ನ ಕರಕೊಂಡು ಹೋಗಾಕೋ?”

ಟೇಲರ್ ಅಣ್ಣ ನನ್ನ ಕಡೆ ನೋಡಿದ. ನಾನು ನನ್ನ ಕೆಲಸ ಶುರು ಮಾಡಿದೆ. ನಾಟಕಕ್ಕೇ ಬಂದದ್ದು, ನಾಟಕ ಬಹಳ ಚೆನ್ನಾಗಿದೆ, ಅದರಲ್ಲಿ ಗಂಡ ಕೆಟ್ಟವನಲ್ಲ, ಅವನಿಗೊಂದು ಕಾರಣವಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿ, ಎದ್ದು ನಿಂತು ಆ ದೃಶ್ಯ ಮಾಡಿಯೇ ತೋರಿಸಿದೆ. ಬೆನ್ನು ಬಾಗಿಸಿ, ತುಟಿಯ ನಡುವೆ ಇಲ್ಲದ ಟಾಚಣಿ ಕಚ್ಚಿ, ಅವನದೇ ದನಿ, ಅವನದೇ ತಡವರಿಕೆ. ಕಿರಾಣಿಯವನನ್ನು ಅಲ್ಲಿ ಯಾರೂ ಕಾಣಲಿಲ್ಲ. ತಮ್ಮ ಮೊದಲು ನಕ್ಕ. ಕಾರಣ ಬಂದಾಗ, ಅದರಲ್ಲಿ ತಾನೂ ಇದ್ದದ್ದು ತಿಳಿದಾಗ, ನಗು ಅರ್ಧಕ್ಕೆ ಬಿಟ್ಟು ತಂದೆಯನ್ನು ನೋಡಿದ. ಕೊನೆಗೆ ಹೆಂಡತಿಯಾಗಿ ಕಣ್ಣೊರೆಸಿಕೊಂಡು ಹೊಸ್ತಿಲವರೆಗೆ ನಡೆದೆ. ಹಾಡು ಮಾತ್ರ ಬಿಟ್ಟೆ, ಹಾರ್ಮೋನಿಯಂ ಇರಲಿಲ್ಲ.

ಆಗ ಬಾಗಿಲ ಹಿಂದಿನಿಂದ ದನಿ ಬಂತು.

“ತಮ್ಮಾ, ಇಷ್ಟೆಲ್ಲಾ ಬರದೀಯಲ್ಲ, ಆಕಿ ಯಾಕ ಹೋದಳು?”

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಅಂವ ಹೋಗು ಅಂದ, ಹೋದಳ್ರಿ ವೈನಿ,” ಅಂದೆ.

“ಸೀಟಿ ಊದಿದ ಕೂಡ್ಲೆ ಹೋಗಾಕ ಆಕೀ ಏನ್ ಬಸ್ ಏನು?”

ಇಷ್ಟು ದಿನ ಆ ಹೆಂಗಸಿನ ಮಾತುಗಳನ್ನು ಹೇಳಿದವನು ನಾನು. ಟವೆಲ್ ಹೊದ್ದಿದ್ದೆ, ದನಿ ಸಣ್ಣಗೆ ಮಾಡಿದ್ದೆ, ಅತ್ತಿದ್ದೆ. ಗಂಡನಿಗೆ ಕಾರಣ ಹುಡುಕಿ ಸಾಕಾಗಿ ಹೋಗಿದ್ದ ನಾನು ಇವಳಿಗೂ ಒಂದು ಬೇಕಾದೀತು ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಬಾಗಿಲ ಕಡೆ ನೋಡಿ, ಮತ್ತೆ ಯಾಕೆ ಹೋದಳು ನೀವೇ ಹೇಳ್ರಿ ಎಂದು ಕೇಳಿದೆ.

“ನೀ ಇಲ್ಲದಿದ್ರ ಏನೂ ನಿಂದ್ರೂದಿಲ್ಲ ಅಂದ್ರಲ್ಲ. ನಿಂದರತೈತೋ ಇಲ್ಲೋ ನೋಡೂಣಂತ ಹೋದಳು.”

ಮಾವ ಅಳಿಯನನ್ನು ನೋಡುತ್ತಿದ್ದರು. ಅಳಿಯ ನನ್ನನ್ನು ನೋಡುತ್ತಿದ್ದ. ಇನ್ನೇನು, ನಾನು ಮತ್ತೆ ಬೆನ್ನು ಬಾಗಿಸಿದೆ, ತುಟಿ ಬಿಗಿದೆ, ಅವನ ದನಿಯಲ್ಲಿ ಗಂಟಲು ಸರಿ ಮಾಡಿಕೊಂಡೆ.

“ನೀ ಸುಮ್ಮಕಿರು ತಮ್ಮಾ,” ಅಂತು ಬಾಗಿಲ ಹಿಂದಿನ ದನಿ. “ಅವರ ದನಿ ಅವರ ಹತ್ರನ ಐತಿ.”

ನನಗೆ ಜೀವನದಲ್ಲಿ ಬಹಳ ಜನ ಸುಮ್ಮನಿರು ಎಂದಿದ್ದಾರೆ. ನಾನು ಸುಮ್ಮನಾದದ್ದು ಅದೇ ಮೊದಲು.

ಟೇಲರ್ ಅಣ್ಣ ಲೋಟ ಕೆಳಗಿಟ್ಟ. ಅದರ ತಳದಲ್ಲಿ ಉಳಿದ ಲಿಂಬೆ ಬೀಜಗಳನ್ನು ನೋಡುತ್ತಾ ಹೇಳಿದ:

“ನಿಂತೈತಿ.”

ಅಷ್ಟಕ್ಕೇ ಮುಗಿಯಿತು ಅಂದುಕೊಂಡೆವು. ಆದರೆ ಒಮ್ಮೆ ಶುರುವಾದ ಹೊಲಿಗೆ ತುದಿ ಮುಟ್ಟಲೇಬೇಕಲ್ಲ. ಪಂಚಮಿಯ ಅಂಗಿಗಳನ್ನು ಹಬ್ಬ ಮುಗಿದ ಮೇಲೆ ಕೊಟ್ಟನಂತೆ. ತಾನೇ ಹಚ್ಚಿದ ಗುಂಡಿಗಳೆಲ್ಲ ಕಿತ್ತು, ಅಂಗಿಗಳು ತಿರುಗಿ ಬಂದವಂತೆ. ದೀಪಾವಳಿ ಹತ್ತಿರ ಬಂತು, ಒಬ್ಬರ ಬಟ್ಟೆಯನ್ನೂ ಹಿಡಿದಿಲ್ಲವಂತೆ, ಧೈರ್ಯ ಇಲ್ಲವಂತೆ. ಇಷ್ಟನ್ನೂ ಆ ಬೀಜಗಳಿಗೇ ಹೇಳಿದ. ಆಮೇಲೆ ತಲೆ ಎತ್ತಿ ಮಾವನಿಗೆ ಹೇಳಿದ: “ಕರಕೊಂಡು ಹೋಗಾಕ ಬಂದೇನ್ರಿ.”

ತಮ್ಮ ಬಾಯಿ ತೆರೆದ. ಮಾವ ಅವನ ಕಡೆ ನೋಡದೆ ಕೈ ಅಡ್ಡ ಹಿಡಿದರು, ಇನ್ನೊಂದು ಕೈಯಲ್ಲಿ ಬಾಡಿದ ಎಲೆ ಅಡಿಕೆ ಎತ್ತಿಕೊಂಡರು. ಒಳಗೆ ಪಾತ್ರೆ ಸದ್ದಾಯಿತು. ಉಂಡು ಮೂರರ ಬಸ್ಸಿಗೆ ಹೋಗೋಣ ಎಂದು ಬಾಗಿಲು ಹೇಳಿತು.

ಬರುವಾಗ ಬಸ್ಸಿನಲ್ಲಿ ಅವರಿಬ್ಬರೂ ಮಾತಾಡಲಿಲ್ಲ. ಅಣ್ಣನ ಹೆಂಡತಿಯಾದ್ದರಿಂದ ನನಗೆ ವೈನಿ; ಅವಳು ನನ್ನ ಜೊತೆ ಮಾತಾಡಿದಳು. ನಾಟಕದ ಆ ಹೆಂಗಸು ಅಳುವುದು ಬೇಡ, ಹೋಗುವ ಮುಂಚೆ ಅರ್ಧ ಕಟ್ಟಿದ ಪೊಟ್ಟಣವನ್ನು ಗಂಡನ ಎದುರು ಇಟ್ಟು ದಾರದುಂಡೆಯನ್ನು ಅದರ ಮೇಲಿಡಲಿ, ಸಾಕು ಅಂದಳು. ಹಾಡು ಎಂದು ನಾನು ಮೆಲ್ಲಗೆ ನೆನಪಿಸಿದೆ. ಅಂಥ ಹೊತ್ತಿನಲ್ಲಿ ಯಾರಿಗೆ ಹಾಡು ಬರುತ್ತದೆ ಎಂದಳು. ಮಾಸ್ತರರಿಗೆ ಬರುತ್ತದೆ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಮರುದಿನ ಹೊಸ ಮಾತುಗಳನ್ನು ಬರೆದುಕೊಂಡು ಓಡುತ್ತಾ ಅಂಗಡಿಗೆ ಹೋದೆ. ಟೇಲರ್ ಅಣ್ಣ ಯಂತ್ರ ತುಳಿಯುತ್ತಿದ್ದ, ಪಕ್ಕದಲ್ಲಿ ಬಟ್ಟೆಯ ಗುಡ್ಡೆ. ಬಾಗಿಲ ಬೆಳಕಿಗೆ ಕೂತು ವೈನಿ ಕಾಜಾ ಮಾಡುತ್ತಿದ್ದಳು. ತಾಲೀಮಿಗೆ ಬಾ ಎಂದೆ. ಅವನು ತಲೆ ಎತ್ತದೆ, ಪಾರ್ಟು ಬೇರೆ ಯಾರಿಗಾದರೂ ಕೊಡು ಅಂದ. ನಾನು ಬೇಡಿದೆ, ಹೆದರಿಸಿದೆ, ನಾಟಕಕ್ಕೆ ಉಳಿದದ್ದು ಒಂದೇ ವಾರ ಎಂದು ಅತ್ತೆ, ಅದೂ ಈ ಸಲ ಹೆಣ್ಣುದನಿಯಲ್ಲಲ್ಲ. ಅವನು ಟಾಚಣಿ ತೆಗೆದು ನಿಜವಾದ ಆಶ್ಚರ್ಯದಿಂದ ಕೇಳಿದ:

“ಇನ್ನ್ಯಾಕ ಮಾಡ್ಲಿ?”

ಊರಿನ ಉಳಿದ ನಟರೆಲ್ಲ ಸುಮ್ಮನೆ ಬಣ್ಣದ ಹುಚ್ಚಿಗೆ ಬಂದವರು. ಕಾರಣವಿದ್ದು ಬಂದವನು ಇವನೊಬ್ಬನೇ, ಆ ಕಾರಣ ಈಗ ಸೂಜಿಗೆ ದಾರ ಪೋಣಿಸುತ್ತಾ ಕೂತಿತ್ತು. ಮಾಸ್ತರರು ಸುದ್ದಿ ಕೇಳಿ, ಗಂಡನ ಮಾತು ಬಾಯಿಪಾಠ ಇರುವವನು ನೀನೊಬ್ಬನೇ ಎಂದು ಆ ಅಂಗಿಯನ್ನು ನನಗೇ ತೊಡಿಸಿದರು. ಮೀಸೆಯನ್ನೂ ಅಂಟಿಸಿದರು, ಅವರ ಆಸೆ ಯಾಕೆ ಮುರಿಯಲಿ?

ದಸರೆಗೆ ದೀಪ ಹಚ್ಚುವ ಹೊತ್ತಿಗೆ ಪರದೆ ಎದ್ದಿತು. ಎರಡನೆಯ ಅಂಕದಲ್ಲಿ ನಾನು ಟೇಲರ್ ಅಣ್ಣನ ಬೆನ್ನು ಬಾಗಿಸಬೇಕೆಂದಿದ್ದೆ. ಆದರೆ ಎದುರಿಗೆ ಅವನೂ ವೈನಿಯೂ ಬೀಗರ ಜೊತೆ ಕೂತಿದ್ದರು, ಅವನ ಕೈ ಮೊದಲೇ ಮುಖ ಮುಚ್ಚಿಕೊಳ್ಳಲು ಸಿದ್ಧವಾಗಿತ್ತು. ಬೆನ್ನು ಬಾಗಲಿಲ್ಲ. ಕಲಾವಿದೆ ಅರ್ಧ ಕಟ್ಟಿದ ಪೊಟ್ಟಣವನ್ನು ನನ್ನೆದುರು ಇಟ್ಟು ದಾರದುಂಡೆ ಅದರ ಮೇಲಿಟ್ಟಳು. ಇವಳು ಹೋದರೆ ಇವನ್ನೆಲ್ಲ ಯಾರು ಕಟ್ಟುತ್ತಾರೆ ಎಂದು ನನಗೆ ನಿಜವಾಗಿ ಚಿಂತೆಯಾಯಿತು. ಆ ಚಿಂತೆಯಲ್ಲಿ ಮಾತು ಯಾವ ದನಿಯಲ್ಲಿ ಬಂತೋ ಗಮನಿಸಲಿಲ್ಲ. ಮಾಸ್ತರರು ಕೊನೆಗೂ ತಮ್ಮ ಹಾಡು ಹಾಡಿದರು. ಹೆಂಡತಿ ಹೋದ ಮೇಲೆ, ಪರದೆಯ ಹಿಂದಿನಿಂದ, ತಾವೇ.

ಮಾರನೆಯ ದಿನ ಅಂಗಡಿಯ ಬೆಂಚಿನ ಮೇಲೆ ಹೊಗಳಿಕೆಗೆ ಕಾದು ಕೂತೆ. ಒಂದು ತೋಳು ಹೊಲಿದು ಮುಗಿಸಿ ಟೇಲರ್ ಅಣ್ಣ ಹೇಳಿದ: “ನನ್ನಂಗ ಮಾಡಿ ನಗಸ್ತಿ ಅಂತ ಅಂಜಿದ್ದೆ. ಅಂವ ಯಾರೋ ಬ್ಯಾರೇನ ಇದ್ದ.”

“ಚಲೋ ಇದ್ನೇನು?”

“ಬಾಯಿ ಕೆಟ್ಟದ್ದು,” ಅಂದಳು ವೈನಿ, ದಾರ ಹಲ್ಲಿನಿಂದ ಕಡಿಯುತ್ತಾ. “ಆದ್ರ ಪೊಟ್ಟಣಾ ನೋಡಿ ಅಂಜಿದ್ದು ಕಾಣಸ್ತು.”

ನಂತರ ನನ್ನ ಮಡಿಲಿಗೆ ಒಂದು ಅಂಗಿಯನ್ನೂ ಗುಂಡಿಗಳನ್ನೂ ಹಾಕಿ, ಸುಮ್ಮನೆ ಕೂರುವ ಬದಲು ಹಚ್ಚು ಅಂದಳು. ನಾನು ಯಾಕೆ ಹಚ್ಚಬೇಕು ಎಂದು ಕೇಳಿದೆ. ಆ ಹೊತ್ತಿಗೆ ನನಗೆ ಕಾರಣ ಕೇಳುವ ಚಟ ಹತ್ತಿತ್ತು. ಅವಳು ಒಳಗೆ ಹೋಗಿ ಒಲೆಯ ಮೇಲೆ ಹೆಂಚು ಇಟ್ಟಳು. ಜೋಳದ ರೊಟ್ಟಿ ತಟ್ಟುವ ಸದ್ದು ಶುರುವಾಯಿತು. ನಾನು ಸೂಜಿ ಹುಡುಕಿದೆ.